ಮೂರು ದಿನದ ನೀರು

ಬೆಳಗಿನ ನಾಲ್ಕೂವರೆಗೆ ಕಡಲಿಗೆ ಬಕೆಟ್ಟು ಇಳಿಸುತ್ತೇನೆ.
ಹಿದ್ದ್ ಊರಿನ ಅಂಚು, ಪಂಪುಗಳ ಹಿಂಬದಿ,
ತುಕ್ಕು ತಿಂದ ಏಣಿಯ ಏಳನೇ ಮೆಟ್ಟಿಲು.
ಒಂದು ಬಾಟಲಿ ಉಪ್ಪಿಗೆ, ಒಂದು ಎಣ್ಣೆಜಿಡ್ಡಿಗೆ, ಒಂದು ಪಾಚಿಗೆ.
ಕಳೆದ ತಿಂಗಳಿಂದ ನಾಲ್ಕನೆಯದೂ ಇದೆ,
ಅದರ ಚೀಟಿ ಹಳದಿ.
ಅದರಲ್ಲಿ ಏನು ಹುಡುಕುತ್ತೇವೆಂದು
ಪಾಳಿಯ ಪುಸ್ತಕದಲ್ಲಿ ಬರೆಯುವ ಹಾಗಿಲ್ಲ.
'ಇತರೆ' ಎಂದರೆ ಸಾಕು.

ಆಚೆ ದಡದಲ್ಲಿ ಹೊಸ ಸ್ಥಾವರ ಉರಿಯತೊಡಗಿದೆ.
ಉರಿ ಅನ್ನಬೇಡ, ರೋಡೆಲ್ ತಿದ್ದುತ್ತಾನೆ, ಅಲ್ಲಿ ಹೊಗೆಯೇ ಇಲ್ಲ.
ಬರೀ ದೀಪಕ್ಕೆ, ಎನ್ನುತ್ತಾರೆ ಅವರು.
ದೀಪಕ್ಕೇ ಇರಲಿ, ನಂಬಿದೆ.
ದೀಪಕ್ಕೆ ಗಾಳಿ ತಾಗದಂತೆ ಅಂಗೈ ಒಡ್ಡುವುದು ಗೊತ್ತು,
ಕ್ಷಿಪಣಿ ಒಡ್ಡುವುದನ್ನು ಈಗ ಕಲಿಯುತ್ತಿದ್ದೇನೆ.

ಟೀವಿಯಲ್ಲಿ ಟೈ ಕಟ್ಟಿದವನೊಬ್ಬ ನಕ್ಷೆಯ ಮೇಲೆ ವೃತ್ತ ಎಳೆದ.
ಶಮಾಲ್ ಬೀಸಿದರೆ ಹೀಗೆ, ಕೌಸ್ ಬೀಸಿದರೆ ಹಾಗೆ,
ಯಾರೋ ಬಾಂಬು ಹಾಕಿದರೆ ಇಷ್ಟು ಗಂಟೆ,
ಯಾರೂ ಹಾಕದೆ ತಾನಾಗಿ ಸೋರಿದರೆ ಇಷ್ಟು.
ಮಾತಿನ ನಡುವೆ ಗಂಟಲು ಒಣಗಿ ಒಂದು ಗುಟುಕು ಕುಡಿದ.
ಅದು ನಿನ್ನೆ ಮಧ್ಯಾಹ್ನ
ನಾನು ಸಹಿ ಹಾಕಿ ಬಿಟ್ಟ ನೀರು.

ಎಂಟು ದೇಶಕ್ಕೆ ಒಂದೇ ಬೋಗುಣಿ ಈ ಕೊಲ್ಲಿ.
ಎರಡು ಹೆಸರು ಇದಕ್ಕೆ,
ಯಾವುದನ್ನು ಹೇಳಿದರೂ ಯಾರಿಗೋ ಸಿಟ್ಟು.
ನಾನು 'ಇಂಟೇಕ್ ಒಂದು' ಎಂದು ಬರೆಯುತ್ತೇನೆ.

ಬೂ ಜಾಸಿಂ ಬಲೆಬೇಲಿಯಿಂದ ಮೀನು ಬಿಡಿಸುತ್ತ ಕೂಗುತ್ತಾನೆ,
ಹಿಂದೀ, ಸಿಕ್ಕಿತೇ ನಿನ್ನ ಕಣ್ಣಿಗೆ ಕಾಣದ್ದು?
ಅವನ ಅಜ್ಜ ಮುತ್ತಿಗೆ ಮುಳುಗುತ್ತಿದ್ದವನು.
ಬಾಯಾರಿದರೆ ಆಡಿನ ತೊಗಲಚೀಲ ಹಿಡಿದು
ಮತ್ತೂ ಕೆಳಗೆ ಇಳಿಯುತ್ತಿದ್ದನಂತೆ,
ಉಪ್ಪಿನಡಿಯ ಮರಳಲ್ಲಿ ಸಿಹಿನೀರಿನ ಕಣ್ಣುಗಳಿದ್ದವಂತೆ,
ಅದರ ಬಾಯಿಗೆ ಚೀಲದ ಬಾಯಿ ಹಿಡಿದು ತುಂಬಿಸಿ
ಉಸಿರು ತೀರುವ ಮೊದಲು ಮೇಲೆ.
ಆ ಕಣ್ಣುಗಳು ಮುಚ್ಚಿ ಬಹಳ ಕಾಲವಾಯಿತು.
ಈಗ ಊರಿಗಿರುವ ಕಣ್ಣು ನಾನೇ, ತಿಂಗಳ ಸಂಬಳದ ಮೇಲೆ,
ಬ್ಯಾಡ್ಜಿನಲ್ಲಿ ಹೆಸರು ತಪ್ಪಾಗಿ.

'ನಿಮ್ಮೂರಲ್ಲೂ ಇದೆಯಂತಲ್ಲ?' ಸುರಕ್ಷತೆಯ ಸಾಹೇಬರು ಕೇಳಿದರು,
ಕೇಳಿದ ದನಿಯಲ್ಲಿ ನಾನು ಸಾಕ್ಷಿಯೋ ಆರೋಪಿಯೋ ತಿಳಿಯಲಿಲ್ಲ.
ಇದೆ ಸರ್, ಕಾಳಿ ಹೊಳೆಯ ಮೇಲ್ದಂಡೆಗೆ.
ಅಪ್ಪ ಅದರ ಕಾಲೋನಿಗೆ ಸೈಕಲ್ಲಿನಲ್ಲಿ ಮೀನು ಹಾಕುತ್ತಿದ್ದ.
ಮೊದಲ ವರ್ಷ ಹೊಳೆಯ ಏಡಿ ಯಾರೂ ಮುಟ್ಟಲಿಲ್ಲ.
ಎರಡನೇ ವರ್ಷ ಚೌಕಾಸಿ ಮಾಡಿದರು.
ಹೆದರಿಕೆ ಹೋಯಿತೇ ಎಂದರು.
ಇಲ್ಲ ಸರ್, ಏಡಿ ಅಗ್ಗವಾಯಿತು.

ಊರಿನ ತೊಟ್ಟಿಗಳಲ್ಲಿರುವುದು ಮೂರು ದಿನದ ನೀರು.
ಗುಟ್ಟೇನಲ್ಲ, ಆದರೂ ಎಲ್ಲರೂ ದನಿ ತಗ್ಗಿಸಿ ಹೇಳುತ್ತಾರೆ.
ಶೇವಂತಿ ಮಂಚದಡಿ ಕ್ಯಾನು ಜೋಡಿಸಿದ್ದಾಳೆ, ಹದಿನಾಲ್ಕು.
ರಾತ್ರಿ ಮಗ್ಗುಲು ಬದಲಿಸಿದರೆ
ನಮ್ಮ ಕೆಳಗೆ ಸಣ್ಣಗೆ ಕುಲುಕುವ ಸದ್ದು.
ಇದು ಎಷ್ಟು ದಿನಕ್ಕೆ ಎಂದು ಒಮ್ಮೆ ಲೆಕ್ಕ ಹಾಕಿದೆವು.
ಪಕ್ಕದ ಮನೆಯ ಬಾಣಂತಿಯನ್ನು ಸೇರಿಸಿ ಮತ್ತೆ ಹಾಕಿದೆವು.
ಆಮೇಲೆ ಲೆಕ್ಕ ನಿಲ್ಲಿಸಿದೆವು.

ಏಳು ಗಂಟೆಗೆ ಯಂತ್ರ ಉತ್ತರ ಕೊಡುತ್ತದೆ:
ಪತ್ತೆಯ ಮಿತಿಗಿಂತ ಕಡಿಮೆ.
ಇಲ್ಲ ಅಂತಲ್ಲ. ಸಿಗಲಿಲ್ಲ ಅಂತ.
ಆ ಎರಡರ ನಡುವಿನ ಸಂದಿಯಲ್ಲಿ ಪೆನ್ನು ಊರಿ
ಸಹಿ ಮಾಡುತ್ತೇನೆ. ಕವಾಟ ತೆರೆಯುತ್ತದೆ.
ಮಸೀದಿಯ ನಲ್ಲಿ, ಶಾಲೆಯ ನಲ್ಲಿ, ಟೀವಿಯವನ ಲೋಟ.

ಇವತ್ತು ಗೇಟಿನ ಬಳಿ ಬೂ ಜಾಸಿಂ ಕಾದಿದ್ದ.
ಹಳೇ ಪತ್ರಿಕೆಯಲ್ಲಿ ಸುತ್ತಿದ ಎರಡು ಸಾಫಿ ಮೀನು,
ಮೇಲಿನ ಪುಟದಲ್ಲಿ ಅದೇ ನಕ್ಷೆ, ಒದ್ದೆ, ವೃತ್ತ ಹರಡಿದೆ.
ಇವನ್ನೂ ನೋಡಿ ಹೇಳು, ಅಂದ, ನಗಲಿಲ್ಲ.
ಮೀನಿಗೆ ಅಂಟಿಸಲು ನನ್ನ ಬಳಿ ಯಾವ ಬಣ್ಣದ ಚೀಟಿಯೂ ಇಲ್ಲ.
ಒಂದನ್ನು ಅವನಿಗೇ ತಿರುಗಿ ಕೊಟ್ಟೆ.
ಇನ್ನೊಂದನ್ನು ಮನೆಗೆ ತಂದು
ನಲ್ಲಿಯಡಿ ಹಿಡಿದು ತೊಳೆಯುತ್ತಿದ್ದೇನೆ,
ಸ್ವಲ್ಪ ಹೆಚ್ಚು ಹೊತ್ತು.